ಐದರ ಬಸ್ಸಿಗೆ ಓಡುವ ಎಂ.ಎ.

ತ್ಯಾವಣಿಗೆಯ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳೂವರೆಗೆ ನಿಂತರೆ, ಯಾರು ಯಾವ ಕಡೆ ಹೊರಟವರು ಎಂಬುದನ್ನು ಕೈಯಲ್ಲಿರುವುದನ್ನು ನೋಡಿಯೇ ಹೇಳಬಹುದು. ಟಿಫನ್ ಕ್ಯಾರಿಯರ್, ಫ್ಲಾಸ್ಕು ಇದ್ದರೆ ದಾವಣಗೆರೆಯ ಆಸ್ಪತ್ರೆಗೆ. ಪಹಣಿ, ಆಧಾರ್ ಜೆರಾಕ್ಸು ಮಡಿಚಿ ಅಂಗಿ ಜೇಬಿಗೆ ತುರುಕಿದವರು ಚನ್ನಗಿರಿಯ ತಾಲ್ಲೂಕು ಕಚೇರಿಗೆ. ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು, ಎರಡು ನಿಮಿಷಕ್ಕೊಮ್ಮೆ ಅದರೊಳಗೆ ಇಣುಕಿ ನೋಡುತ್ತಿದ್ದರೆ ಅಡ್ಮಿಶನ್ನಿಗೆ.

ಆ ದಿನ ಪಕ್ಕದ ಸೀಟಿನಲ್ಲಿ ಕೂತವಳದ್ದು ಮೂರನೇ ಬಗೆ. ಎಂ.ಎ.ಗೆ ಸೀಟು ಸಿಕ್ಕಿದೆ. ಫೀಸು ಕಟ್ಟಿಯಾಗಿದೆ. ಇವತ್ತು ಓರಿಯೆಂಟೇಶನ್ನು ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದಿದೆ. ಅವರ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳೇ ಇವಳೊಬ್ಬಳು.

‘ಸಾರ್, ಓರಿಯೆಂಟೇಶನ್ ಅಂದ್ರೆ ಏನ್ ಮಾಡ್ತಾರೆ? ಹೋಗ್ಲೇಬೇಕಾ? ಅಟೆಂಡೆನ್ಸ್ ಹಾಕ್ತಾರಾ?’

ಮೂರು ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಮಾತ್ರ ನನ್ನಲ್ಲಿ ಚುಟುಕಾದ ಉತ್ತರವಿತ್ತು. ಮೊದಲನೆಯದಕ್ಕೆ ಉತ್ತರ ಹೇಳಲು ಹೊರಟರೆ ಕುಕ್ಕವಾಡ ಬಂದರೂ ಮುಗಿಯುವುದಿಲ್ಲ. ಈ ಬರಹ ಆ ಬಾಕಿ ಉಳಿದ ಉತ್ತರ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮಕ್ಕಳಿಗೆ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಎನ್ನುವುದು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಬಂದಿದ್ದು ತೀರಾ ಹಳೆಯ ಕಥೆಯಲ್ಲ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯ ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದಾಗ ಆ ಕೇಂದ್ರ ಅದರ ತೆಕ್ಕೆಗೆ ಹೋಯಿತು. 2009ರಲ್ಲಿ ಅದೇ ಕೇಂದ್ರ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ತೋಳಹುಣಸೆಯಲ್ಲಿರುವ ಅದರ ಆವರಣಕ್ಕೆ ಶಿವಗಂಗೋತ್ರಿ ಎಂದು ಹೆಸರು. 1979ಕ್ಕೂ ಮೊದಲಿನವರು ಮೈಸೂರಿಗೋ ಧಾರವಾಡಕ್ಕೋ ಟ್ರಂಕು ಹೊತ್ತು ಹೋಗಬೇಕಿತ್ತು. ಹೋದವರು ಬೆರಳೆಣಿಕೆ. ಆದರೆ ಹೋದವರಿಗೆ ಹಾಸ್ಟೆಲ್ ಇತ್ತು, ರಾತ್ರಿ ಊಟವಾದ ಮೇಲೆ ಜಗಲಿಯ ಮೇಲಿನ ಹರಟೆ ಇತ್ತು. ಯಾವ ಮೇಷ್ಟ್ರು ಏನು ಬಯಸುತ್ತಾರೆ, ಯಾವ ಪುಸ್ತಕ ಓದದೆ ಕ್ಲಾಸಿಗೆ ಹೋಗಬಾರದು, ಯಾರನ್ನು ಯಾವ ಹೊತ್ತಿನಲ್ಲಿ ಮಾತಾಡಿಸಬೇಕು ಎಂಬುದೆಲ್ಲ ಆ ಹರಟೆಯಲ್ಲೇ ಕಿವಿಗೆ ಬೀಳುತ್ತಿತ್ತು. ಈಗ ವಿಶ್ವವಿದ್ಯಾಲಯ ಬಸ್ಸಿನ ದಾರಿಗೆ ಬಂದಿದೆ, ಹುಡುಗಿಯರು ನೂರಾರು ಸಂಖ್ಯೆಯಲ್ಲಿ ಓದುತ್ತಿದ್ದಾರೆ. ಆ ಜಗಲಿ ಮಾತ್ರ ಬಸ್ಸು ಹತ್ತಲಿಲ್ಲ.

ಓರಿಯೆಂಟೇಶನ್ನು ಆ ಜಗಲಿಯ ಕೆಲಸ ಮಾಡಬೇಕಾದದ್ದು. ಮಾಡುವುದು ಬೇರೆ. ವೇದಿಕೆಯಲ್ಲಿ ಹತ್ತು ಕುರ್ಚಿ, ದೀಪ, ಸ್ವಾಗತ, ಹೂಗುಚ್ಛದ ಬದಲು ಪುಸ್ತಕ, ಆಮೇಲೆ ಇಂಗ್ಲಿಷಿನಲ್ಲಿ ಒಂದು ಪಿಪಿಟಿ. ರೆಗ್ಯುಲೇಶನ್ನಿನ ನಲವತ್ತು ಪುಟ ಇಪ್ಪತ್ತು ನಿಮಿಷದಲ್ಲಿ ಪರದೆಯ ಮೇಲೆ ಹರಿದು ಹೋಗುತ್ತದೆ. ಭದ್ರಾ ನಾಲೆಗೆ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಮೊದಲ ದಿನವೇ ಬರುತ್ತದೆ, ನೀರು ಕೊನೇ ಭಾಗದ ಗದ್ದೆಗೆ ಬರುವುದು ಎಷ್ಟನೇ ದಿನವೋ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಹೊಸ ವಿದ್ಯಾರ್ಥಿಗಳನ್ನು ಹೀಗೆ ಬರಮಾಡಿಕೊಳ್ಳುವ ಕಾರ್ಯಕ್ರಮಕ್ಕೆ ‘ದೀಕ್ಷಾರಂಭ’ ಎಂದು ಹೆಸರಿಟ್ಟು 2019ರಲ್ಲಿ ಮಾರ್ಗದರ್ಶಿಯನ್ನೂ ಹೊರತಂದಿತು. ಅದು ಮುಖ್ಯವಾಗಿ ಪದವಿಗೆ ಸೇರುವವರಿಗೆ. (ನಮ್ಮ ಕಡೆ ಅಜ್ಜಿಯರ ಮುಂದೆ ಈ ಹೆಸರು ಹೇಳಿದರೆ ‘ಯಾವ ಸ್ವಾಮೇರು ಕೊಡ್ತಾರೆ?’ ಎಂದು ಕೇಳುವುದು ಖಂಡಿತ.) ಸ್ನಾತಕೋತ್ತರಕ್ಕೆ ಬಂದವರು ಡಿಗ್ರಿ ಮುಗಿಸಿದ ದೊಡ್ಡವರು, ಅವರಿಗೆಲ್ಲ ಗೊತ್ತಿರುತ್ತದೆ ಎಂಬುದು ಎಲ್ಲರ ನಂಬಿಕೆ. ಗೊತ್ತಿರುವುದಿಲ್ಲ.

ಕಾಗದದ ಮೇಲಿರುವುದನ್ನು ಮೊದಲು ನೋಡೋಣ. ಕ್ರೆಡಿಟ್ ಎಂಬ ಪದಕ್ಕೆ ಹುಡುಗರು ಹೆದರುತ್ತಾರೆ. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್, ಪ್ರಾಕ್ಟಿಕಲ್ ಆದರೆ ವಾರಕ್ಕೆ ಎರಡು ಗಂಟೆ. ಅಷ್ಟೇ. ನಾಲ್ಕು ಕ್ರೆಡಿಟ್ಟಿನ ಪತ್ರಿಕೆ ಎಂದರೆ ವಾರಕ್ಕೆ ನಾಲ್ಕು ಗಂಟೆ. ಹದಿನಾರು ವಾರ ಹಿಡಿದರೆ 64 ಕ್ಲಾಸು. ಶೇಕಡಾ 75 ಹಾಜರಾತಿ ಬೇಕೆಂದರೆ 48 ಕ್ಲಾಸಿನಲ್ಲಿ ಕೂತಿರಬೇಕು. ತಪ್ಪಿಸಬಹುದಾದದ್ದು ಹದಿನಾರು, ಅಂದರೆ ಇಡೀ ಸೆಮಿಸ್ಟರಿಗೆ ನಾಲ್ಕು ವಾರ.

ನಾಲ್ಕು ವಾರ ದಂಡಿಯಾಯಿತು ಎನಿಸುತ್ತದೆ. ಅಡಿಕೆ ಕೊಯ್ಲು ಬರುವವರೆಗೆ. ಮೊದಲ ಸೆಮಿಸ್ಟರಿನ ಪಾಠ ಚುರುಕಾಗುವ ಹೊತ್ತಿಗೇ ಚನ್ನಗಿರಿ ಸೀಮೆಯ ತೋಟಗಳಲ್ಲಿ ಕೊನೆ ಇಳಿಸುವ ಕೆಲಸವೂ ಚುರುಕಾಗಿರುತ್ತದೆ. ಸುಲಿಯಬೇಕು, ಬೇಯಿಸಬೇಕು, ಒಣಹಾಕಬೇಕು, ಮೋಡ ಕಂಡರೆ ಓಡಿಹೋಗಿ ಬಾಚಬೇಕು. ಕೂಲಿಯವರು ಸಿಕ್ಕದ ದಿನ ‘ಇವತ್ತೊಂದಿನ ಇರು’ ಎಂದು ಅಪ್ಪ ಅಂದರೆ ಇಲ್ಲ ಎನ್ನುವುದು ಹೇಗೆ? ಒಂದೊಂದೇ ದಿನ ಸೇರಿ ಹದಿನಾರು ದಾಟುವುದು ಗೊತ್ತೇ ಆಗುವುದಿಲ್ಲ. ಜಗಳೂರಿನವರದು ಮೆಕ್ಕೆಜೋಳದ ಲೆಕ್ಕ, ಹೊನ್ನಾಳಿಯವರದು ಭತ್ತದ ಲೆಕ್ಕ. ಸೆಮಿಸ್ಟರ್ ಕ್ಯಾಲೆಂಡರ್ ಮಾಡುವವರು ಸುಗ್ಗಿಯ ಪಂಚಾಂಗ ನೋಡುವುದಿಲ್ಲ, ನೋಡಲಿ ಎಂದು ನಾನು ಹೇಳುವುದೂ ಇಲ್ಲ. ಆದರೆ ಮೊದಲ ದಿನವೇ ‘ನಿಮಗಿರುವುದು ಹದಿನಾರು ಕ್ಲಾಸಿನ ಸಾಲ, ಕೊಯ್ಲಿಗೆ ಉಳಿಸಿಕೊಳ್ಳಿ, ಸಿನಿಮಾಕ್ಕೆ ಕಳೆಯಬೇಡಿ’ ಎಂದು ಹೇಳಿದರೆ ಚೊಗರು ಹತ್ತಿದ ಬೆರಳಿನ ಮಗನಿಗೆ ತಕ್ಷಣ ಅರ್ಥವಾಗುತ್ತದೆ. ‘ಶೇಕಡಾ 75 ಕಡ್ಡಾಯ’ ಎಂದರೆ ಆಗುವುದಿಲ್ಲ.

ದಾಖಲೆಗಳ ವಿಷಯ ಬೇಗ ಮುಗಿಸುತ್ತೇನೆ, ಅದರ ಗೋಳು ಮನೆಮನೆಗೂ ಗೊತ್ತು. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗವೂ ಅನುಕೂಲ, ಅಲ್ಲಿ ಡಿಗ್ರಿ ಮಾಡಿದವರು ಕುವೆಂಪು ವಿಶ್ವವಿದ್ಯಾಲಯದವರು. ಅವರು ತೋಳಹುಣಸೆಗೆ ಬರುವಾಗ ಮೈಗ್ರೇಶನ್ ಸರ್ಟಿಫಿಕೇಟ್ ತರಬೇಕು. ಟಿ.ಸಿ. ಇದೆಯಲ್ಲ ಎಂದು ಬರಿಗೈಯಲ್ಲಿ ಬಂದು ಮತ್ತೆ ಆ ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ಬಸ್ಸು ಹತ್ತುವವರು ಪ್ರತಿ ವರ್ಷ ಇರುತ್ತಾರೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್ಲು, ಅದಕ್ಕೆ ಜಾತಿ-ಆದಾಯ ಪತ್ರದ ಮೇಲಿನ ಆರ್.ಡಿ. ನಂಬರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಅರ್ಜಿ ಸರಿ ಇದ್ದೂ ದುಡ್ಡು ಬರಲಿಲ್ಲವೆಂದರೆ ಮೊದಲು ಬ್ಯಾಂಕಿಗೆ ಹೋಗಿ ಜೋಡಣೆ ಆಗಿದೆಯೇ ಎಂದು ನೋಡಿ. ರ‍್ಯಾಗಿಂಗ್ ವಿರುದ್ಧ ವಿದ್ಯಾರ್ಥಿ, ಪೋಷಕರಿಬ್ಬರೂ ಬರೆದುಕೊಡುವ ಮುಚ್ಚಳಿಕೆ 2009ರ ಯುಜಿಸಿ ನಿಯಮದಿಂದ ಬಂದದ್ದು, ಯಾರ ಮೇಲೂ ಅನುಮಾನದಿಂದಲ್ಲ. ಹೆಬ್ಬೆಟ್ಟು ಒತ್ತುವ ಅಪ್ಪನಿಗೆ ಇದನ್ನು ಹೇಳಬೇಕು. ಮಗಳು ಏನೋ ತಪ್ಪು ಮಾಡಿದ್ದಕ್ಕೆ ಬರೆಸಿಕೊಂಡಿದ್ದಾರೆ ಎಂದು ಒಬ್ಬರು ಊಟ ಬಿಟ್ಟದ್ದು ನನಗೆ ಗೊತ್ತು.

ಇಷ್ಟೆಲ್ಲ ಹೇಗೋ ತಿಳಿಯುತ್ತದೆ, ತಡವಾಗಿಯಾದರೂ. ತಡವಾಗಿ ತಿಳಿದರೆ ಪ್ರಯೋಜನವೇ ಇಲ್ಲದ ಒಂದು ಸಂಖ್ಯೆ ಇದೆ: ಐವತ್ತೈದು.

ಎಂ.ಎ. ಪಾಸಾಗಲು ಅಷ್ಟು ಬೇಡ. ಆದರೆ ಯುಜಿಸಿಯ ನೆಟ್ ಪರೀಕ್ಷೆಗೆ ಕೂತು ಉಪನ್ಯಾಸಕ ಹುದ್ದೆಗೆ ಅರ್ಹತೆ ಪಡೆಯಬೇಕಾದರೆ ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 55 ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ, ಅಂಗವಿಕಲರಿಗೆ 50. ಅರ್ಧ ಅಂಕ ಮೇಲಕ್ಕೆ ತಳ್ಳಿ ಪೂರ್ಣ ಮಾಡಿಕೊಳ್ಳುವಂತಿಲ್ಲ. 54.9 ಎಂದರೆ 54.9. ಎರಡು ವರ್ಷ ‘ಪಾಸಾದರೆ ಸಾಕು, ನೌಕರಿಗೆ ಡಿಗ್ರಿ ಕೇಳ್ತಾರೆ, ಮಾರ್ಕ್ಸ್ ಯಾರು ಕೇಳ್ತಾರೆ’ ಎಂದು ಓದಿದ ಹುಡುಗ, ಕೊನೇ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಅರ್ಜಿ ತುಂಬಲು ಸೈಬರ್ ಸೆಂಟರಿನಲ್ಲಿ ಕೂತಾಗ ಈ ಸಂಖ್ಯೆಯನ್ನು ಮೊದಲ ಬಾರಿ ನೋಡುತ್ತಾನೆ. ನಾಲ್ಕು ಸೆಮಿಸ್ಟರಿನ ಹಿಂದೆ, ದೀಪ ಹಚ್ಚಿದ ದಿನ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 55 ಎಂದು ದೊಡ್ಡದಾಗಿ ಬರೆದು ‘ಇದನ್ನು ಮರೆಯಬೇಡಿ’ ಎಂದು ಯಾರಾದರೂ ಹೇಳಿದ್ದರೆ ಬೇರೆ ಏನೂ ಹೇಳದಿದ್ದರೂ ನಡೆಯುತ್ತಿತ್ತು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ನೆಟ್‌ಗೆ ಕೂರಬಹುದು ಎಂಬುದು ಅದರ ಜೊತೆಗೆ ಹೇಳಬೇಕಾದ ಮಾತು. ರಾಜ್ಯದ ಕೆ-ಸೆಟ್ ಕೂಡ ಇದೆ. 2023ರಿಂದ ಅದನ್ನು ನಡೆಸುತ್ತಿರುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ.

ಇವೆಲ್ಲ ನಿಯಮ. ನಿಯಮದ ಪುಸ್ತಕದಲ್ಲಿ ಇಲ್ಲದ್ದು ನಿರೀಕ್ಷೆ.

ನನ್ನದೇ ಕಥೆ ಹೇಳುತ್ತೇನೆ. ಯಾವ ಊರು, ಯಾವ ವಿಭಾಗ ಎಂಬುದು ಬೇಡ. ಎಂ.ಎ.ಗೆ ಸೇರಿ ಒಂದೂವರೆ ತಿಂಗಳಾಗಿತ್ತು. ನೋಟಿಸ್ ಬೋರ್ಡಿನಲ್ಲಿ ‘ಸೆಮಿನಾರ್’ ಎಂಬ ತಲೆಬರಹದ ಕೆಳಗೆ ನನ್ನ ಹೆಸರಿತ್ತು, ಮುಂದೆ ಒಂದು ದಿನಾಂಕ. ಸೆಮಿನಾರ್ ಎಂದರೆ ಯಾರೋ ದೊಡ್ಡವರು ಬೆಂಗಳೂರಿನಿಂದ ಬಂದು ಮಾತಾಡುತ್ತಾರೆ, ನನ್ನ ಪಾಲಿಗೆ ಕುರ್ಚಿ ಹಾಕುವ ಕೆಲಸವೋ ವಂದನಾರ್ಪಣೆಯೋ ಬಂದಿರಬೇಕು ಎಂದುಕೊಂಡೆ. ಆ ದಿನ ಒಗೆದ ಅಂಗಿ ಹಾಕಿಕೊಂಡು, ಅರ್ಧ ಗಂಟೆ ಮುಂಚೆ ಹೋಗಿ, ನಿಜವಾಗಿಯೂ ಕುರ್ಚಿ ಸರಿಮಾಡಿ ನಿಂತಿದ್ದೆ. ಮೇಷ್ಟ್ರು ಬಂದು ಕೂತು, ‘ಶುರು ಮಾಡು’ ಅಂದರು. ನಾನು ಸ್ವಾಗತ ಮಾಡಿದೆ.

ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಇಂಟರ್ನಲ್ಸಿನಲ್ಲಿ ನಗು ಲೆಕ್ಕಕ್ಕೆ ಬರಲಿಲ್ಲ.

ಡಿಗ್ರಿಯವರೆಗೆ ನಾವು ಬರೆದುಕೊಳ್ಳುವವರು. ಮೇಷ್ಟ್ರು ನೋಟ್ಸ್ ಹೇಳುತ್ತಾರೆ, ನಾವು ಬರೆಯುತ್ತೇವೆ, ಪರೀಕ್ಷೆಯಲ್ಲಿ ಅದನ್ನೇ ಅವರಿಗೆ ವಾಪಸ್ಸು ಕೊಡುತ್ತೇವೆ. ಸ್ನಾತಕೋತ್ತರದಲ್ಲಿ ಆ ಕೊಡುಕೊಳ್ಳುವಿಕೆ ತಲೆಕೆಳಗಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋಟ್ಸ್ ಕೊಡದ ಮೇಷ್ಟ್ರು ಪಾಠ ಮಾಡದ ಮೇಷ್ಟ್ರು ಎಂದು ಹುಡುಗರು ತೀರ್ಮಾನಿಸುತ್ತಾರೆ. ಪ್ರಶ್ನೆ ಕೇಳದ ಹುಡುಗರು ಆಸಕ್ತಿಯಿಲ್ಲದವರು ಎಂದು ಮೇಷ್ಟ್ರು ತೀರ್ಮಾನಿಸುತ್ತಾರೆ. ನಮ್ಮ ಮನೆಗಳಲ್ಲಿ ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಬೈಸಿಕೊಳ್ಳುತ್ತೇವೆ. ಅದೇ ಮಕ್ಕಳು ಸೋಮವಾರದಿಂದ ದೊಡ್ಡ ವಿದ್ವಾಂಸರ ಮಾತನ್ನು ಪ್ರಶ್ನಿಸಿ ಅಸೈನ್‌ಮೆಂಟ್ ಬರೆಯಬೇಕು. ಇದು ಸಣ್ಣ ಬದಲಾವಣೆಯಲ್ಲ. ಇದಕ್ಕೆ ಬೇಕಾದದ್ದು ಪಿಪಿಟಿಯಲ್ಲ, ಕಳೆದ ವರ್ಷದ ಒಂದು ಒಳ್ಳೆಯ ಅಸೈನ್‌ಮೆಂಟನ್ನು ಕೈಗೆ ಕೊಟ್ಟು ‘ಇದು ಯಾಕೆ ಚೆನ್ನಾಗಿದೆ ಹೇಳಿ’ ಎನ್ನುವ ಒಂದು ಗಂಟೆ.

ನಕಲಿನ ವಿಷಯವೂ ಹೀಗೆಯೇ. ಪುಸ್ತಕದಿಂದ ನೋಡಿ ಬರೆದದ್ದು ಹೈಸ್ಕೂಲಿನಲ್ಲಿ ‘ಗುಡ್’ ಎಂಬ ಕೆಂಪು ಶಾಯಿಗೆ ಅರ್ಹ. ಇಲ್ಲಿ ಅದಕ್ಕೆ ಕೃತಿಚೌರ್ಯ ಎಂದು ಹೆಸರು. 2018ರ ಯುಜಿಸಿ ನಿಯಮದ ಪ್ರಕಾರ ಪ್ರೌಢಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40ರವರೆಗೆ ಸಿಕ್ಕರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಈ ಅಂಕಿ ಓದಿದ ಹುಡುಗರು ಕೇಳುವ ಮೊದಲ ಪ್ರಶ್ನೆ ‘ಹಾಗಾದ್ರೆ ಹತ್ತು ಪರ್ಸೆಂಟ್ ಕಾಪಿ ಹೊಡೀಬಹುದಾ?’ ನಗಬೇಡಿ. ನಿಯಮ ಹೇಳಿ, ನಿರೀಕ್ಷೆ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನೊಬ್ಬರ ಮಾತು ತಂದರೆ ಅವರ ಹೆಸರು ಹೇಳು, ಹೇಳಿದ ಮೇಲೆ ನಿನ್ನ ಮಾತೇನು ಎಂಬುದನ್ನೂ ಹೇಳು ಎನ್ನುವುದು ಬಡ್ಡಿಯಿಲ್ಲದ ಕೈಗಡದ ನ್ಯಾಯ. ತಂದದ್ದನ್ನು ತಂದೆ ಎಂದು ಒಪ್ಪಿಕೊಂಡರೆ ಮರ್ಯಾದೆ ಹೋಗುವುದಿಲ್ಲ.

ವಿಷಯ ಆರಿಸಿಕೊಳ್ಳುವ ಬಗ್ಗೆ ಕೇಳುವವರಿಗೆ ನಾನು ದೂರದ ಉದಾಹರಣೆ ಕೊಡುವುದಿಲ್ಲ. ಇದೇ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ 1931ರಲ್ಲಿ ಹುಟ್ಟಿದ ಎಂ. ಚಿದಾನಂದಮೂರ್ತಿ ಮೈಸೂರಿಗೆ ಹೋಗಿ ಕನ್ನಡ ಎಂ.ಎ. ಮಾಡಿದರು, ಆಮೇಲೆ ಪಿಎಚ್.ಡಿ. ಮಾಡಿದರು. ಅವರ ಪ್ರೌಢಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಗಿ ಬಂತು. ಇವತ್ತಿಗೂ ಶಾಸನ ಓದುವವರು ಅದನ್ನು ದಾಟಿ ಹೋಗುವಂತಿಲ್ಲ. ಪುಸ್ತಕದ ಹೆಸರಿನ ಜೊತೆ ಒಂದು ಆವರಣವಿದೆ, ಹುಡುಗರು ಅದನ್ನು ಗಮನಿಸುವುದಿಲ್ಲ: ಕ್ರಿ.ಶ. 450ರಿಂದ 1150. ಹಲ್ಮಿಡಿ ಶಾಸನದ ಕಾಲದಿಂದ ಹನ್ನೆರಡನೇ ಶತಮಾನದ ನಡುವಿನವರೆಗೆ, ಅಲ್ಲಿಗೆ ಬೇಲಿ. ‘ಕನ್ನಡ ಶಾಸನಗಳು’ ಎಂದಷ್ಟೇ ಇಟ್ಟುಕೊಂಡಿದ್ದರೆ ಸಾವಿರಾರು ಕಲ್ಲುಗಳ ನಡುವೆ ದಾರಿ ತಪ್ಪುತ್ತಿತ್ತು. ಎಷ್ಟು ಗದ್ದೆ ಉಳಬಲ್ಲೆ ಎಂದು ಗೊತ್ತಿದ್ದವನು ಬೇಲಿ ಹಾಕಿಕೊಂಡು ಉಳುತ್ತಾನೆ. ‘ದಾವಣಗೆರೆ ಜಿಲ್ಲೆಯ ಮಹಿಳೆಯರ ಸ್ಥಿತಿಗತಿ: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆಯ ಪ್ರಾಜೆಕ್ಟ್ ಹಿಡಿದು ಬರುವವರಿಗೆ ನಾನು ಕೇಳುವುದು ಇಷ್ಟೇ: ಯಾವ ಊರು, ಯಾವ ಕೆಲಸ ಮಾಡುವವರು, ಯಾವ ವರ್ಷದಿಂದ ಯಾವ ವರ್ಷ? ತ್ಯಾವಣಿಗೆ ಸುತ್ತಿನ ಅಡಿಕೆ ಸುಲಿಯುವ ಹೆಂಗಸರ ಕೂಲಿ ಲೆಕ್ಕವನ್ನು ಒಂದು ಕೊಯ್ಲಿನ ಮಟ್ಟಿಗೆ ಬರೆದು ತಂದರೆ ಅದು ಪ್ರಾಜೆಕ್ಟು. ಅದಕ್ಕೆ ಬೇಕಾದ ಲೈಬ್ರರಿ ನಿಮ್ಮ ಹಿತ್ತಿಲಲ್ಲೇ ಇದೆ.

ಇನ್ನೊಂದು ಉದಾಹರಣೆಗೂ ದೂರ ಹೋಗಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ತತ್ತ್ವಶಾಸ್ತ್ರದ ಕಡೆ ಮನಸ್ಸಿದ್ದ ಕುವೆಂಪು ಅವರನ್ನು ಕನ್ನಡದ ಕಡೆ ತಿರುಗಿಸಿದವರು ಟಿ.ಎಸ್. ವೆಂಕಣ್ಣಯ್ಯ, ಚಿತ್ರದುರ್ಗ ಜಿಲ್ಲೆಯ ತಳುಕಿನವರು. ಈಗಿನ ಲೆಕ್ಕದಲ್ಲಿ ಆ ಊರು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಸೇರುತ್ತದೆ. ಮುಂದೆ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದು ಅರ್ಪಿಸಿದ್ದು ಈ ಮೇಷ್ಟ್ರಿಗೆ. ಯಾವ ಓರಿಯೆಂಟೇಶನ್ ಕಾರ್ಯಕ್ರಮವೂ ಆಗ ಇರಲಿಲ್ಲ. ಒಬ್ಬ ಮೇಷ್ಟ್ರು ಒಬ್ಬ ಹುಡುಗನಿಗೆ ‘ನೀನು ಇದನ್ನು ಓದು’ ಎಂದು ಹೇಳುವಷ್ಟು ಅವನನ್ನು ಬಲ್ಲವರಾಗಿದ್ದರು. ಈಗ ಅತಿಥಿ ಉಪನ್ಯಾಸಕರು ವರ್ಷಕ್ಕೊಮ್ಮೆ ಬದಲಾಗುವ ವಿಭಾಗಗಳಲ್ಲಿ ಹುಡುಗನ ಹೆಸರು ನೆನಪಾಗುವ ಹೊತ್ತಿಗೆ ಮೇಷ್ಟ್ರ ಅವಧಿ ಮುಗಿದಿರುತ್ತದೆ. ಅವರ ತಪ್ಪಲ್ಲ.

ಪಿಎಚ್.ಡಿ. ಮಾತು ಎತ್ತಿದರೆ ಹುಡುಗರ ಕಣ್ಣು ಅರಳುವುದು ಫೆಲೋಶಿಪ್ಪಿನ ಮೊತ್ತಕ್ಕೆ. 2023ರಿಂದ ಜೆ.ಆರ್.ಎಫ್. ತಿಂಗಳಿಗೆ 37,000 ರೂಪಾಯಿ. ಅದು ಸಿಗುವವರು ಕೆಲವೇ ಮಂದಿ, ಉಳಿದವರು ಅದಿಲ್ಲದೆಯೇ ವರ್ಷಗಟ್ಟಲೆ ದುಡಿಯಬೇಕು ಎಂಬುದನ್ನು ಸೇರುವ ಮೊದಲೇ ಮನೆಯವರ ಜೊತೆ ಕೂತು ಮಾತಾಡಬೇಕು. 2022ರ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷ ಕೇಳಲು ಅವಕಾಶವಿದೆ, ಹೆರಿಗೆ ರಜೆ 240 ದಿನ. ಮದುವೆಯಾಯಿತೆಂದು ಸಂಶೋಧನೆ ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತೋ. ಒಬ್ಬ ಪ್ರೊಫೆಸರ್ ಎಂಟು ಜನಕ್ಕೆ, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನಕ್ಕಷ್ಟೇ ಮಾರ್ಗದರ್ಶನ ಮಾಡಬಹುದು. ಆದ್ದರಿಂದ ‘ಗೈಡು ಸಿಗಲಿಲ್ಲ’ ಎಂದರೆ ಯಾವಾಗಲೂ ‘ನನ್ನನ್ನು ಬೇಡವೆಂದರು’ ಎಂದು ಅರ್ಥವಲ್ಲ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ನಿಂತು ಮಾಡಿದ್ದನ್ನು ಒಪ್ಪಿಸಬೇಕು. ಆಗ ಕುರ್ಚಿ ಸರಿಮಾಡಿ ಸ್ವಾಗತ ಕೋರಿದರೆ ಯಾರೂ ನಗುವುದಿಲ್ಲ.

ಸಂಜೆ ಅದೇ ಹುಡುಗಿ ಮತ್ತೆ ಸಿಕ್ಕಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆದ್ದರಿಂದ ನಮ್ಮ ಕಡೆ ಖಾಸಗಿ ಬಸ್ಸು ಮೂರು ಹೋದರೂ ಅವರು ಕಾಯುವುದು ಸರ್ಕಾರಿ ಬಸ್ಸಿಗೇ. ಅಪ್ಪಂದಿರು ಮಗಳನ್ನು ಎಂ.ಎ.ಗೆ ಕಳಿಸಲು ಒಪ್ಪಿದ್ದರಲ್ಲಿ ಆ ಸೊನ್ನೆ ರೂಪಾಯಿ ಟಿಕೆಟ್ಟಿನ ಪಾಲು ದೊಡ್ಡದು ಎಂದೇ ನನ್ನ ಲೆಕ್ಕ. ಅದೇ ಟಿಕೆಟ್ಟು ಅವರ ದಿನದ ಅಂಚನ್ನೂ ಕತ್ತರಿಸುತ್ತದೆ. ಐದರ ಸರ್ಕಾರಿ ಬಸ್ಸು ಹಿಡಿಯಬೇಕಾದರೆ ನಾಲ್ಕಕ್ಕೇ ಹೊರಡಬೇಕು. ಕ್ಲಾಸು ಮುಗಿದ ಮೇಲೆ ಮೇಷ್ಟ್ರು ನಿರಾಳವಾಗಿ ಮಾತಿಗೆ ಸಿಗುವ ಹೊತ್ತು, ಲೈಬ್ರರಿಯಲ್ಲಿ ಕುರ್ಚಿ ಖಾಲಿಯಿರುವ ಹೊತ್ತು, ಹಾಸ್ಟೆಲಿನವರು ಗುಂಪುಗೂಡಿ ನಾಳೆಯ ಸೆಮಿನಾರಿಗೆ ಜಗಳವಾಡುವ ಹೊತ್ತು ಶುರುವಾಗುವಾಗ ತ್ಯಾವಣಿಗೆಯವರು ಬಸ್ಸಿನಲ್ಲಿರುತ್ತಾರೆ.

‘ಏನ್ ಹೇಳಿದ್ರವ್ವಾ?’ ಎಂದೆ.

‘ಬಾಳ ಹೇಳಿದ್ರು ಸಾರ್. ಪಿಪಿಟಿ ಗ್ರೂಪಿಗೆ ಹಾಕ್ತಾರಂತೆ.’ ಫೈಲು ತೆರೆದು ಹಿಂಬದಿಯ ಹಾಳೆ ತೋರಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಜಗಳೂರು ಕಡೆಯ ಸೀನಿಯರ್ ಅಕ್ಕ ಒಬ್ಬಳು ಹೇಳಿದ್ದನ್ನು ಬರೆದುಕೊಂಡಿದ್ದಳು. ಇಂಟರ್ನಲ್ ಟೆಸ್ಟಿನ ತಿಂಗಳು, ಯಾವ ಪತ್ರಿಕೆಗೆ ಯಾವ ಪುಸ್ತಕ, ಯಾರ ಬಳಿ ಹಳೇ ಪ್ರಶ್ನೆಪತ್ರಿಕೆ ಇವೆ. ಕೊನೆಯ ಸಾಲಿನಲ್ಲಿ ‘ಲೈಬ್ರರಿ – ಸಂಜೆ’ ಎಂದು ಬರೆದು ಎರಡು ಸಲ ಗೆರೆ ಎಳೆದಿದ್ದಳು. ನಾನು ಅದರ ಕೆಳಗೆ 55 ಎಂದು ಬರೆದು, ಯಾಕೆಂದು ಹೇಳಿದೆ.

ಕಂಡಕ್ಟರು ಸೊನ್ನೆ ಟಿಕೆಟ್ಟು ಹರಿದು ಕೊಟ್ಟಾಗ ಅವಳು ಕೇಳಿದಳು, ‘ಅಣ್ಣಾ, ಇದಾದ್ಮೇಲೆ ತ್ಯಾವಣಿಗೆಗೆ ಬಸ್ಸೈತಾ?’

‘ಏಳಕ್ಕೊಂದೈತಮ್ಮ. ಪ್ರೈವೇಟು. ಟಿಕೆಟ್ ತಗಬೇಕು ನೋಡು.’

ಅವಳು ಹಾಳೆ ತಿರುಗಿಸಿ ‘7’ ಎಂದು ಬರೆದುಕೊಂಡಳು. ಆಮೇಲೆ ಕಂಡಕ್ಟರನ್ನು ಮತ್ತೆ ಕರೆದು, ಅದಕ್ಕೆ ಚಾರ್ಜು ಎಷ್ಟು ಎಂದು ಕೇಳಿದಳು.